ಇಮಾಮ್ ಸಾಹೇಬರಿಂದ ಅಜ್ಮಾನಿಯವರೆಗೆ

ಕಾಲೇಜು ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡುವ ಹುಡುಗರು ಇಂದಿಗೂ ಬಿಡದ ಒಂದು ಮಾತಿದೆ. ಕಣ್ಣು ಕಾಣದ ಮುದುಕನೊಬ್ಬ ಕೋಲೂರಿಕೊಂಡು ಬಂದು, ಇಲ್ಲಿ ಇಷ್ಟೊಂದು ನಿಶ್ಶಬ್ದ ಏಕೆ ಎಂದು ನಡುಗುವ ದನಿಯಲ್ಲಿ ಕೇಳುತ್ತಾನೆ. ಸಭೆ ಹೊಟ್ಟೆ ಹುಣ್ಣಾಗುವಂತೆ ನಗುತ್ತದೆ. ಮೂಲ ಚಿತ್ರದಲ್ಲಿ ಆ ನಿಶ್ಶಬ್ದಕ್ಕೆ ಕಾರಣವಾದದ್ದು ಅದೇ ಮುದುಕನ ಮಗನ ಹೆಣ. ಕುದುರೆಯ ಮೇಲೆ ಹೇರಿ ಕಳಿಸಿದ ಆ ಹೆಣದ ಸುತ್ತ ಊರೇ ನಿಂತಿದೆ. ಯಾರಿಗೂ ಬಾಯಿ ಬರುತ್ತಿಲ್ಲ. ಗೊತ್ತಿಲ್ಲದವರು ಆ ಕುರುಡ ತಂದೆಯೊಬ್ಬರೇ.

'ಶೋಲೆ'ಯ ಆ ಇಮಾಮ್ ಸಾಹೇಬರ ಪಾತ್ರ ಮಾಡಿದವರು ಎ.ಕೆ. ಹಂಗಲ್. ಹೆಸರು ಕೇಳಿದೊಡನೆ ಇವರು ನಮ್ಮ ಹಾನಗಲ್ಲಿನವರಿರಬೇಕು, ಗಂಗೂಬಾಯಿಯವರ ಊರಿನ ಕಡೆಯವರಿರಬೇಕು ಎಂದುಕೊಂಡ ಕನ್ನಡಿಗರನ್ನು ನಾವು ಕಂಡಿದ್ದೇವೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ ಅಕ್ಷರಗಳು, ಅಷ್ಟೆ. ಅವತಾರ್ ಕಿಶನ್ ಹಂಗಲ್ ಕಾಶ್ಮೀರಿ ಪಂಡಿತ ಮನೆತನದವರು. ಹುಟ್ಟಿದ್ದು ಸಿಯಾಲ್‌ಕೋಟ್‌ನಲ್ಲಿ, ಬೆಳೆದದ್ದು ಪೇಶಾವರದಲ್ಲಿ, ಆಮೇಲೆ ಕರಾಚಿಯಲ್ಲಿ. 2012ರ ಆಗಸ್ಟ್ 26ರಂದು ಮುಂಬೈಯಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರನ್ನು 'ಹಿಂದಿ ಚಿತ್ರರಂಗದ ಸಜ್ಜನ ತಾತ' ಎಂಬ ಧಾಟಿಯಲ್ಲಿ ಬೀಳ್ಕೊಟ್ಟವು. ಸುಮಾರು 225 ಚಿತ್ರಗಳಲ್ಲಿ ನಟಿಸಿದ ಮನುಷ್ಯನನ್ನು ಒಂದೇ ವಿಶೇಷಣದಲ್ಲಿ ಮುಗಿಸುವುದು ಸುಲಭ. ಆದರೆ ಅವರು ಮಾಡಿದ ಮುದುಕರೆಲ್ಲ ಒಂದೇ ಅಚ್ಚಿನವರೇನೂ ಅಲ್ಲ. ಒಳ್ಳೆಯವರೆನಿಸಿಕೊಳ್ಳಲು ಒಬ್ಬೊಬ್ಬರೂ ಎಷ್ಟು ಬೆಲೆ ತೆರಬೇಕಾಗಿ ಬಂತು ಎಂಬುದನ್ನು ನೋಡಿದರೆ, ಅವರ ನಟನೆಯ ಜೊತೆಗೆ ನಮ್ಮ ಸಮಾಜದ ಲೆಕ್ಕಾಚಾರವೂ ಕಾಣುತ್ತದೆ.

ಮೊದಲು ಇಮಾಮ್ ಸಾಹೇಬರನ್ನೇ ನೋಡೋಣ.

ಅವರ ಒಬ್ಬನೇ ಮಗ ಅಹ್ಮದ್. ಜಬಲ್ಪುರದ ಬೀಡಿ ಕಾರ್ಖಾನೆಯಲ್ಲಿ ಅವನಿಗೊಂದು ಕೆಲಸ ಸಿಕ್ಕಿದೆ. ಕುರುಡ ತಂದೆಯನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಿಲ್ಲ, ಕಳಿಸಲೇಬೇಕೆಂಬ ಹಟ ತಂದೆಗೆ. ಬೀಡಿಯ ದುಡಿಮೆಯಲ್ಲೇ ಮಕ್ಕಳನ್ನು ಓದಿಸಿದ, ಹೆಣ್ಣುಮಕ್ಕಳ ಮದುವೆ ಮಾಡಿದ ಸಾವಿರಾರು ಮನೆಗಳು ನಮ್ಮ ಕರಾವಳಿಯಲ್ಲಿವೆ. ಆ ಮನೆಗಳವರಿಗೆ ಈ ಪುಟ್ಟ ವಿವರ ಸುಮ್ಮನೆ ದಾಟಿ ಹೋಗುವಂಥದ್ದಲ್ಲ. ಊರು ಬಿಟ್ಟು ಹೊರಟ ಹುಡುಗ ಗಬ್ಬರ್ ಸಿಂಗನ ಕೈಗೆ ಸಿಕ್ಕಿ ಸಾಯುತ್ತಾನೆ. ಇಬ್ಬರು ನಾಯಕರನ್ನು ಒಪ್ಪಿಸದಿದ್ದರೆ ಎಲ್ಲರಿಗೂ ಇದೇ ಗತಿ ಎಂಬ ಬೆದರಿಕೆ ಹೆಣದೊಂದಿಗೆ ಬರುತ್ತದೆ. ಊರವರು ಅಳುಕುತ್ತಾರೆ. ಠಾಕೂರರ ಮಾತಿಗೂ ಬೆಲೆ ಇಲ್ಲದಾಗುವ ಹೊತ್ತಿಗೆ, ಮಗನನ್ನು ಕಳೆದುಕೊಂಡ ಇಮಾಮರೇ ಮಾತಾಡುತ್ತಾರೆ. ತಂದೆಯ ಹೆಗಲಿಗೆ ಮಗನ ಶವಕ್ಕಿಂತ ದೊಡ್ಡ ಭಾರ ಲೋಕದಲ್ಲಿಲ್ಲ, ಅದನ್ನೇ ಈ ಮುದುಕ ಹೊರಬಲ್ಲನಾದರೆ ನಿಮಗೆ ಈ ಕಷ್ಟ ಹೊರಲಾಗದೇ ಎಂದು ಕೇಳುತ್ತಾರೆ. ಅಷ್ಟರಲ್ಲಿ ಬಾಂಗ್ ಕೇಳಿಸುತ್ತದೆ. ಈ ಊರಿಗಾಗಿ ಹುತಾತ್ಮರಾಗಲು ನನಗೆ ಇನ್ನೂ ಕೆಲವು ಮಕ್ಕಳನ್ನು ಏಕೆ ಕೊಡಲಿಲ್ಲ ಎಂದು ಅಲ್ಲಾಹನನ್ನೇ ಕೇಳುತ್ತೇನೆ ಎನ್ನುತ್ತಾ ನಮಾಝ್‌ಗೆ ಹೊರಡುತ್ತಾರೆ.

ಹಂಗಲ್ ಈ ದೃಶ್ಯವನ್ನು ಅರಚಾಟವಿಲ್ಲದೆ ನಿಭಾಯಿಸಿದ್ದಾರೆ. ಕಣ್ಣು ಎಲ್ಲೂ ನೆಡುವುದಿಲ್ಲ, ದನಿ ಒಮ್ಮೆ ಒಡೆದು ಮತ್ತೆ ಕೂಡುತ್ತದೆ. ಅವರ ಉರ್ದು ಬಾಯಿಪಾಠದ್ದಲ್ಲ, ಪೇಶಾವರದಲ್ಲಿ ಬೆಳೆದವರ ನಾಲಿಗೆಯದು. ಐವತ್ತು ವರ್ಷ ಕಳೆದರೂ ಆ ದೃಶ್ಯ ಬಂದಾಗ ಗಂಟಲು ಕಟ್ಟುತ್ತದೆ ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಆದರೂ ಕಣ್ಣೊರೆಸಿಕೊಂಡ ಮೇಲೆ ಕೆಲವು ಪ್ರಶ್ನೆಗಳು ಏಳುತ್ತವೆ. ಮಸೀದಿಯಿಂದ ಬಾಂಗ್ ಕೇಳಿಸಿತಲ್ಲ, ಅದನ್ನು ಕೊಟ್ಟವರು ಯಾರು? ಇಮಾಮರು ಇಲ್ಲಿದ್ದಾರೆ, ಮಗ ಹೆಣವಾಗಿದ್ದಾನೆ. ರಾಮಗಢದಲ್ಲಿ ಹೆಸರು ಹೇಳಿ ಗುರುತಿಸಬಹುದಾದ ಇನ್ನೊಂದು ಮುಸ್ಲಿಮ್ ಮನೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಹ್ಮದನ ಜನಾಝ ಹೊರಟಿತೇ, ಅದಕ್ಕೆ ಹೆಗಲು ಕೊಟ್ಟವರು ಯಾರು, ಚಿತ್ರ ತೋರಿಸುವುದಿಲ್ಲ. ವಿಚಿತ್ರವೆಂದರೆ ಈ ರಾಮಗಢವನ್ನು ಕಟ್ಟಿದ್ದು ಬೆಂಗಳೂರಿನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ನಮ್ಮ ರಾಮನಗರದ ಬಂಡೆಗಳ ನಡುವೆ. ರಾಮನಗರವೆಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಅಲ್ಲಿ ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರು ದುಡಿಯುತ್ತಾರೆ, ಸಾಲ ಮಾಡುತ್ತಾರೆ, ಬೆಲೆಗಾಗಿ ಜಗಳವಾಡುತ್ತಾರೆ, ಚುನಾವಣೆಗೆ ನಿಲ್ಲುತ್ತಾರೆ. ಆ ಊರಿನ ಬಂಡೆಗಳೆಲ್ಲ ಬೆಳ್ಳಿತೆರೆಗೆ ಬಂದವು. ಆ ಊರಿನ ಮುಸ್ಲಿಮರು ಮಾತ್ರ ಒಬ್ಬ ಕುರುಡ ಇಮಾಮ್ ಮತ್ತು ಅವರ ಸಾಯುವ ಮಗನಾಗಿ ಉಳಿದರು.

ಇದು ದುರುದ್ದೇಶದಿಂದ ಬರೆದ ಪಾತ್ರವೆಂದು ನಾವು ಹೇಳುತ್ತಿಲ್ಲ. ಬರೆದವರು ಸಲೀಂ-ಜಾವೇದ್. ಅದೇ 1975ರಲ್ಲಿ, 'ಶೋಲೆ'ಗೆ ಕೆಲವು ತಿಂಗಳು ಮೊದಲು ಬಂದ 'ದೀವಾರ್' ಕೂಡ ಅವರದೇ ಬರವಣಿಗೆ. ಅದರಲ್ಲಿ ಹಂಗಲ್‌ಗೆ ಒಂದೇ ದೃಶ್ಯ. ಶಶಿ ಕಪೂರ್‌ನ ಪೊಲೀಸ್ ಅಧಿಕಾರಿ ಓಡುತ್ತಿದ್ದ ಹುಡುಗನಿಗೆ ಗುಂಡು ಹೊಡೆಯುತ್ತಾನೆ. ನೋಡಿದರೆ ಹುಡುಗ ಕದ್ದದ್ದು ರೊಟ್ಟಿ. ಮನಸ್ಸು ತಡೆಯದೆ ಆಹಾರ ತೆಗೆದುಕೊಂಡು ಅವನ ಮನೆಗೆ ಹೋಗುತ್ತಾನೆ. ತಾಯಿ ಶಪಿಸುತ್ತಾಳೆ. ನಿವೃತ್ತ ಮೇಷ್ಟರಾದ ತಂದೆ ಹೆಂಡತಿಯನ್ನು ಸುಮ್ಮನಿರಿಸಿ, ಕದ್ದದ್ದು ಎಷ್ಟೇ ಆಗಿರಲಿ ಕಳವು ಕಳವೇ ಎನ್ನುತ್ತಾನೆ. ಈ ಮಾತು ಕೇಳಿದ ಮೇಲೆಯೇ ಅಧಿಕಾರಿ ತನ್ನ ಅಣ್ಣನ ವಿರುದ್ಧದ ಕೇಸನ್ನು ಕೈಗೆತ್ತಿಕೊಳ್ಳುವುದು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅದೇ ಬರಹಗಾರರು, ಅದೇ ನಟ, ಅದೇ ವರ್ಷ. ಎರಡು ಕಡೆಯೂ ಬಡ ತಂದೆ, ಪೆಟ್ಟು ತಿಂದ ಮಗ. ದಾರಿ ತಪ್ಪುತ್ತಿದ್ದ ಕತೆಯನ್ನು ನೆಟ್ಟಗೆ ಮಾಡುವ ಮಾತು ಎರಡರಲ್ಲೂ ಆ ತಂದೆಯದೇ. ಹಾಗಾಗಿ 'ಇಮಾಮ್ ಸಾಹೇಬ್ ಬರೀ ತೋರಿಕೆಗೆ ಸೇರಿಸಿದ ಮುಸ್ಲಿಮ್ ಪಾತ್ರ' ಎಂದು ತಳ್ಳಿಹಾಕುವ ವಿಮರ್ಶಕರ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಬರಹಗಾರರು ತಮ್ಮಲ್ಲಿದ್ದ ಅತ್ಯಂತ ತೂಕದ ಜಾಗವನ್ನೇ ಅವರಿಗೆ ಕೊಟ್ಟಿದ್ದಾರೆ. ಆದರೆ ವ್ಯತ್ಯಾಸವನ್ನೂ ನೋಡಬೇಕು. ಮೇಷ್ಟರ ಮಗ ಗಾಯಗೊಂಡು ಬದುಕುತ್ತಾನೆ. ಮೇಷ್ಟರು ಪ್ರಾಮಾಣಿಕರಾಗಿದ್ದರೆ ಸಾಕು, ಅವರು ಈ ಊರಿನವರೇ ಎಂಬುದನ್ನು ಯಾರಿಗೂ ರುಜುವಾತುಪಡಿಸಬೇಕಾಗಿಲ್ಲ. ಇಮಾಮರು ಇದ್ದೊಬ್ಬ ಮಗನನ್ನು ಕೊಟ್ಟೂ ಆಯಿತು, ಇನ್ನೂ ಇದ್ದಿದ್ದರೆ ಕೊಡುತ್ತಿದ್ದೆ ಎಂದು ಹೇಳಿಯೂ ಆಯಿತು. ಒಳ್ಳೆಯತನಕ್ಕೆ ಇಬ್ಬರಿಗೂ ಒಂದೇ ಬೆಲೆ ಕಟ್ಟಿಲ್ಲ.

ಇಂಥ ವ್ಯತ್ಯಾಸ ಕೇವಲ 'ಶೋಲೆ'ಯದಲ್ಲ. ಹಿಂದಿ ಚಿತ್ರಗಳು ನಮಗೆ ನವಾಬರನ್ನು, ಕವ್ವಾಲರನ್ನು, ಸ್ನೇಹಕ್ಕೆ ಪ್ರಾಣ ಕೊಡುವ ಪಠಾಣರನ್ನು ಕೊಟ್ಟವು. ನಮ್ಮ ಕನ್ನಡದ್ದು ಇನ್ನೂ ಕನಿಷ್ಠ. 'ನಂದೂಕೆ, ನಿಂದೂಕೆ' ಎನ್ನುವ ಸಾಬಿಯೊಬ್ಬ ಬಂದು ನಗಿಸಿ ಹೋದರೆ ಅಲ್ಲಿಗೆ ಮುಸ್ಲಿಮರ ಪ್ರಾತಿನಿಧ್ಯ ಮುಗಿಯಿತು. ಆಮೇಲೆ 1999ರ 'ಸರ್ಫರೋಷ್' ಬರುವ ಹೊತ್ತಿಗೆ, ಸಲೀಂ ಎಂಬ ಪೊಲೀಸ್ ಇನ್ಸ್‌ಪೆಕ್ಟರ್ ತನ್ನ ನಿಷ್ಠೆಯನ್ನು ಶಂಕಿಸಿದ ಇಲಾಖೆಯ ಮುಂದೆ ಕುದಿಯುತ್ತಾ ನಿಲ್ಲುವ ಸ್ಥಿತಿ. ಇಮಾಮ್ ಸಾಹೇಬರನ್ನು ಯಾರೂ ಶಂಕಿಸಲಿಲ್ಲ, ಪಾಪ. ಶಂಕೆಗೆ ಮೊದಲೇ ಅವರು ಎಲ್ಲವನ್ನೂ ಕೊಟ್ಟುಬಿಟ್ಟಿದ್ದರು.

ಇನ್ನು ನಟನ ಬದುಕಿಗೆ ಬರೋಣ. ಹಂಗಲ್ ಸಿನಿಮಾಕ್ಕೆ ಬಂದದ್ದು ಐವತ್ತು ವರ್ಷದ ಆಸುಪಾಸಿನಲ್ಲಿ. 1966ರ 'ತೀಸ್ರಿ ಕಸಮ್'ನಲ್ಲಿ ರಾಜ್ ಕಪೂರ್‌ನ ಅಣ್ಣನ ಸಣ್ಣ ಪಾತ್ರ. ಅದಕ್ಕೆ ಮೊದಲು ಅವರ ಹೊಟ್ಟೆಪಾಡು ಟೈಲರಿಂಗ್. ಸ್ವಾತಂತ್ರ್ಯ ಹೋರಾಟದಲ್ಲಿ ಓಡಾಡಿದವರು, ಕಮ್ಯುನಿಸ್ಟರಾದವರು. ದೇಶ ಇಬ್ಭಾಗವಾದ ಮೇಲೆ ಕರಾಚಿಯ ಜೈಲಿನಲ್ಲಿದ್ದು, ಬಿಡುಗಡೆಯಾಗಿ 1949ರಲ್ಲಿ ಬೊಂಬಾಯಿಗೆ ಬಂದರು. ಬಂದವರೇ ಇಪ್ಟಾ ರಂಗಭೂಮಿಯ ಬಲರಾಜ್ ಸಾಹ್ನಿ, ಕೈಫಿ ಆಝ್ಮಿ ಇವರ ಜೊತೆ ಸೇರಿದರು. ಸಿನಿಮಾದಲ್ಲಿ ಅವರು ಯುವಕನಾಗಿ ಕಾಣಿಸಿಕೊಳ್ಳಲೇ ಇಲ್ಲ. ಬರುವಾಗಲೇ ತಲೆ ನರೆತಿತ್ತು.

1973ರ 'ನಮಕ್ ಹರಾಮ್' ನೋಡಿದರೆ ಈ ಹಿನ್ನೆಲೆ ಅರ್ಥವಾಗುತ್ತದೆ. ಹೃಷಿಕೇಶ್ ಮುಖರ್ಜಿಯವರ ಈ ಚಿತ್ರದಲ್ಲಿ ಹಂಗಲ್ ಕಾರ್ಖಾನೆಯ ಯೂನಿಯನ್ ಮುಖಂಡ ಬಿಪಿನ್‌ಲಾಲ್. ಮಾಲೀಕನ ಮಗ ಅವರನ್ನು ಅವಮಾನಿಸುತ್ತಾನೆ, ಮತ್ತೆ ಕ್ಷಮೆ ಕೇಳಬೇಕಾಗಿ ಬಂದದ್ದಕ್ಕೆ ಹಲ್ಲು ಕಡಿಯುತ್ತಾನೆ. ಸೇಡು ತೀರಿಸಲು ಗೆಳೆಯನನ್ನೇ ಕಾರ್ಮಿಕನ ವೇಷದಲ್ಲಿ ಒಳಗೆ ಕಳಿಸಿ ಮುದುಕನ ನಾಯಕತ್ವ ಕಿತ್ತುಕೊಳ್ಳುತ್ತಾನೆ. ಜನ ನೋಡಿದ್ದು ರಾಜೇಶ್ ಖನ್ನಾ ಮತ್ತು ಅಮಿತಾಭ್‌ರನ್ನು. ನಮಗೆ ನೆನಪಿರುವುದು ಸೋತ ಮೇಲೆ ಬಿಪಿನ್‌ಲಾಲ್ ನಡೆದುಕೊಳ್ಳುವ ರೀತಿ. ಅವರು ಹಗೆ ಸಾಧಿಸುವುದಿಲ್ಲ, ತನ್ನನ್ನು ಕೆಳಗಿಳಿಸಿದವನಿಗೇ ಕಾರ್ಮಿಕರ ಬದುಕನ್ನು ತೋರಿಸಿಕೊಡುತ್ತಾರೆ. ಜೈಲು ಕಂಡ ಸಂಘಟಕನೊಬ್ಬ ಸಂಘಟಕನ ಪಾತ್ರ ಮಾಡಿದ್ದರಿಂದಲೋ ಏನೋ, ಅಲ್ಲಿ ಭಾಷಣದ ವಾಸನೆ ಇಲ್ಲ.

ಹಾಗೆಂದು ಅವರ ಎಲ್ಲ ಪಾತ್ರಗಳನ್ನೂ ಹೊಗಳಬೇಕಿಲ್ಲ. 'ಗುಡ್ಡಿ', 'ಅಭಿಮಾನ್', 'ಕೋರಾ ಕಾಗಝ್' ಎಂದು ಜಯಾ ಭಾದುರಿಯವರ ತಂದೆಯಾಗುವುದೇ ಒಂದು ಉದ್ಯೋಗವಾಗಿತ್ತು. 'ಬಾವರ್ಚಿ'ಯಲ್ಲಿ ಮನೆಯ ಹಿರಿಮಗ, 'ಆಂಧಿ'ಯಲ್ಲಿ ಮನೆಯಾಳು ಬೃಂದಾ ಕಾಕಾ, 'ಚಿತ್‌ಚೋರ್'ನಲ್ಲಿ ಮಗಳಿಗೆ ವರ ಬರುವನೆಂದು ತಪ್ಪು ಹುಡುಗನನ್ನು ಉಪಚರಿಸುವ ಮೇಷ್ಟರು, 'ಅವತಾರ್'ನಲ್ಲಿ ರಶೀದ್ ಅಹ್ಮದ್. ಇವುಗಳಲ್ಲಿ 'ಚಿತ್‌ಚೋರ್' ನಮಗೆ ಇಷ್ಟ. ತಾನು ಮೋಸಹೋದದ್ದು ಗೊತ್ತಾದ ಮೇಲೆ ಆ ಮೇಷ್ಟರ ಮುಖದಲ್ಲಿ ಬರುವ ಪೆಚ್ಚುತನ ನಾವೆಲ್ಲ ನಮ್ಮ ಮನೆಗಳಲ್ಲೇ ಕಂಡದ್ದು. ಎಂಬತ್ತರ ದಶಕದ ಎಷ್ಟೋ ಚಿತ್ರಗಳಲ್ಲಿ ಮಾತ್ರ ಅವರಿಗೆ ಉಳಿದದ್ದು ಕೆಮ್ಮು, ನಡುಗುವ ಕೈ ಮತ್ತು ಎರಡನೇ ರೀಲಿನಲ್ಲಿ ಸಾವು.

ಒಂದು ಚಿತ್ರ ಮಾತ್ರ ಅವರನ್ನು ಈ ಒಳ್ಳೆಯತನದಿಂದ ಬಿಡಿಸಿತು. 1982ರಲ್ಲಿ ಬಾಸು ಚಟರ್ಜಿ ಮಾಡಿದ 'ಶೌಕೀನ್'. ಅಶೋಕ್ ಕುಮಾರ್, ಉತ್ಪಲ್ ದತ್ ಮತ್ತು ಹಂಗಲ್, ಮೂವರು ಮುದುಕರು ಚಪಲ ತೀರಿಸಿಕೊಳ್ಳಲು ಗೋವಾಕ್ಕೆ ಹೋಗಿ ಒಬ್ಬ ಹುಡುಗಿಯ ಸುತ್ತ ಸುಳಿದು ನಗೆಪಾಟಲಾಗುವ ಕತೆ. ಇಂದರ್ ಸೇನ್ ಎಂಬ ಹೆಸರನ್ನು 'ಆಂಡರ್ಸನ್' ಎಂದು ಮಾಡಿಕೊಂಡ ಪಾತ್ರ ಹಂಗಲ್‌ರದ್ದು. ವೃದ್ಧರ ಚಪಲ ನಮಗೆ ಮೆಚ್ಚುವ ವಿಷಯವಲ್ಲ, ಚಿತ್ರವೂ ಅದನ್ನು ಮೆಚ್ಚಿ ತೋರಿಸಿಲ್ಲ. ಆದರೆ ಈ ನಟನಿಗೆ ಸಣ್ಣತನವೂ ಬರುತ್ತಿತ್ತು, ಕಳ್ಳನೋಟವೂ ಬರುತ್ತಿತ್ತು ಎಂಬುದು ಆಗ ತಿಳಿಯಿತು. ಇಂಥ ಸಡಿಲಿಕೆ ಇಂದರ್ ಸೇನನಿಗೆ ಸಿಕ್ಕಿತು. ಹಿಂದಿ ಚಿತ್ರದ ಯಾವ ಇಮಾಮನಿಗೆ, ಯಾವ ರಹೀಮ್ ಚಾಚಾನಿಗೆ ಹೀಗೆ ತಪ್ಪು ಮಾಡಿ, ಪೆಚ್ಚಾಗಿ, ಮನೆಗೆ ಮರಳುವ ಅವಕಾಶ ಸಿಕ್ಕಿದೆ? ನಮಗಂತೂ ನೆನಪಾಗುತ್ತಿಲ್ಲ.

ಹಂಗಲ್‌ರ ಅತ್ಯುತ್ತಮ ಪಾತ್ರ ಯಾವುದೆಂದು ಕೇಳಿದರೆ ನಾವು ಹೇಳುವುದು 'ಗರ್ಮ್ ಹವಾ'ದ ಅಜ್ಮಾನಿ ಸಾಹೇಬ್. ನಮ್ಮ ಮೈಸೂರಿನ ಎಂ.ಎಸ್. ಸತ್ಯು ನಿರ್ದೇಶಿಸಿದ ಚಿತ್ರ. ಕತೆ ಇಸ್ಮತ್ ಚುಗ್ತಾಯಿಯವರದು, ಚಿತ್ರಕತೆ ಕೈಫಿ ಆಝ್ಮಿ ಮತ್ತು ಶಮಾ ಝೈದಿ ಅವರದು. ಗಲಭೆಯಾದೀತೆಂಬ ನೆಪದಲ್ಲಿ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದಿದ್ದ ಈ ಚಿತ್ರ 1974ರಲ್ಲಿ ಮೊದಲು ತೆರೆಕಂಡದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಗಲಭೆ ಆಗಲಿಲ್ಲ. ಜನ ನೋಡಿ ಮೆಚ್ಚಿದ ಮೇಲೆ ದೇಶದ ಬೇರೆಡೆಗಳಿಗೂ ಹೋಯಿತು.

ಆಗ್ರಾದ ಚಪ್ಪಲಿ ವ್ಯಾಪಾರಿ ಸಲೀಂ ಮಿರ್ಝಾ ಪಾಕಿಸ್ತಾನಕ್ಕೆ ಹೋಗುವುದಿಲ್ಲ. ಆದರೆ ಹವೇಲಿ ಇರುವುದು ಆಗಲೇ ದೇಶ ಬಿಟ್ಟ ಅಣ್ಣನ ಹೆಸರಿನಲ್ಲಿ. ಸರಕಾರ ಅದನ್ನು ವಲಸೆ ಹೋದವರ ಆಸ್ತಿಯೆಂದು ವಶಪಡಿಸಿಕೊಳ್ಳುತ್ತದೆ. ಮಿರ್ಝಾರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ನಾಳೆ ಓಡಿಹೋದರೆ ಎಂಬ ಅನುಮಾನ. ಬಾಡಿಗೆ ಮನೆ ಹುಡುಕಿದರೆ ಹೆಸರು ಕೇಳಿ ಬಾಗಿಲು ಮುಚ್ಚುತ್ತದೆ. ನಮ್ಮ ನಗರಗಳಲ್ಲಿ ಮನೆ ಹುಡುಕಿದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹವೇಲಿ ಕೊನೆಗೆ ಸೇರುವುದು ಅಜ್ಮಾನಿಯ ಕೈಗೆ. ಅವರು ಸಿಂಧ್‌ನಿಂದ ಎಲ್ಲ ಬಿಟ್ಟು ಬಂದ ಹಿಂದೂ ವ್ಯಾಪಾರಿ.

ಬೇರೆ ಯಾವ ಚಿತ್ರವಾಗಿದ್ದರೂ ಅಜ್ಮಾನಿ ಖಳನಾಗುತ್ತಿದ್ದರು, ಇಲ್ಲವೇ ಮನೆಯನ್ನು ಹಿಂದಿರುಗಿಸಿ ದೇವರಾಗುತ್ತಿದ್ದರು. ಇಲ್ಲಿ ಎರಡೂ ಆಗುವುದಿಲ್ಲ. ಮನೆ ಅವರದಾಗುತ್ತದೆ, ಅದು ಕಾನೂನು. ಆದರೆ ತಾನು ಪಡೆದದ್ದು ಇನ್ನೊಬ್ಬರು ಕಳೆದುಕೊಂಡದ್ದು ಎಂಬ ಮುಜುಗರ ಅವರನ್ನು ಬಿಡುವುದಿಲ್ಲ. ಮಿರ್ಝಾರನ್ನು ಗೌರವದಿಂದ ಕಾಣುತ್ತಾರೆ, ವ್ಯಾಪಾರದಲ್ಲಿ ಆದಷ್ಟು ಕೈ ಹಿಡಿಯಲು ನೋಡುತ್ತಾರೆ. ಆ ಮುಜುಗರವನ್ನು ಹಂಗಲ್ ದೊಡ್ಡ ಮಾತುಗಳಿಲ್ಲದೆ ತೋರಿಸಿದ್ದಾರೆ. ಎದುರಿಗಿರುವ ಸಲೀಂ ಮಿರ್ಝಾ ಯಾರೆಂದರೆ ಬಲರಾಜ್ ಸಾಹ್ನಿ, ರಾವಲ್ಪಿಂಡಿಯಲ್ಲಿ ಹುಟ್ಟಿದವರು. ಆಗ್ರಾ ಬಿಡಲೊಲ್ಲದ ಮುಸ್ಲಿಮನ ಪಾತ್ರ ಅವರಿಗೆ, ಸಿಂಧ್ ಬಿಟ್ಟು ಬಂದ ಹಿಂದೂವಿನ ಪಾತ್ರ ಕರಾಚಿಯ ಜೈಲು ಕಂಡವರಿಗೆ. ಇಬ್ಬರ ಹುಟ್ಟೂರೂ ಗಡಿಯ ಆಚೆಗಿತ್ತು. 1973ರ ಏಪ್ರಿಲ್‌ನಲ್ಲಿ ಸಾಹ್ನಿ ತೀರಿಕೊಂಡರು, ಚಿತ್ರದ ಬಿಡುಗಡೆ ನೋಡಲಿಲ್ಲ.

ಹಂಗಲ್ ಬದುಕಿದ್ದರು. ಅದಕ್ಕೇ 1993ನ್ನೂ ಕಂಡರು.

ಗಲಭೆ ಮತ್ತು ಬಾಂಬ್ ಸ್ಫೋಟಗಳಿಂದ ಬೊಂಬಾಯಿ ತತ್ತರಿಸಿದ್ದ ವರ್ಷ ಅದು. ಹುಟ್ಟೂರು ನೋಡಿ ಬರುವ ಆಸೆಯಿಂದ ಹಂಗಲ್ ಪಾಕಿಸ್ತಾನದ ವೀಸಾಕ್ಕೆ ಅರ್ಜಿ ಹಾಕಿದ್ದರು. ದೂತಾವಾಸದವರು ಪಾಕಿಸ್ತಾನ ದಿನಾಚರಣೆಗೆ ಕರೆದರು, ಹೋದರು. ಅಷ್ಟಕ್ಕೇ ಶಿವಸೇನೆ ಅವರನ್ನು ದೇಶದ್ರೋಹಿ ಎಂದಿತು. ಅವರ ಚಿತ್ರಗಳ ಬಹಿಷ್ಕಾರಕ್ಕೆ ಕರೆ ಬಂತು, ಪ್ರತಿಕೃತಿ ಸುಟ್ಟರು. ನಿರ್ಮಾಪಕರು ಕೈಯಲ್ಲಿದ್ದ ಚಿತ್ರಗಳಿಂದ ಅವರ ದೃಶ್ಯಗಳನ್ನು ಕತ್ತರಿಸಿದರು. ಸುಮಾರು ಎರಡು ವರ್ಷ ಅವರಿಗೆ ಕೆಲಸವಿರಲಿಲ್ಲ. ದೇಶದ ಸ್ವಾತಂತ್ರ್ಯಕ್ಕಾಗಿ ಓಡಾಡಿದ, ಪಾಕಿಸ್ತಾನದ ಜೈಲಿನಲ್ಲಿದ್ದು ಬಂದ ಕಾಶ್ಮೀರಿ ಪಂಡಿತರೊಬ್ಬರು ದೇಶನಿಷ್ಠೆಯ ಸರ್ಟಿಫಿಕೇಟ್ ತೋರಿಸಬೇಕಾಯಿತು. ಇಮಾಮ್ ಸಾಹೇಬರ ಆ ಮಾತಿಗೆ ಚಪ್ಪಾಳೆ ತಟ್ಟಿದ್ದ ಉದ್ಯಮದಲ್ಲಿ ಅವರ ಪರವಾಗಿ ಗಟ್ಟಿಯಾಗಿ ಬಾಯಿಬಿಟ್ಟವರು ಕಡಿಮೆ.

ಇಂಥ ಅನುಮಾನ ಮುಸ್ಲಿಮರ ಮನೆಬಾಗಿಲಿಗೆ ಮಾತ್ರ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬರುವುದು ಅಲ್ಲಿಗೇ ಹೆಚ್ಚು, ನಿಜ. ಆದರೆ ಬಾಲ್ಯದ ಊರನ್ನು ಮರೆಯಲು ಒಪ್ಪದ ಯಾವ ಮನುಷ್ಯನನ್ನೂ ಅದು ಬಿಡುವುದಿಲ್ಲ ಎಂಬುದಕ್ಕೆ ಹಂಗಲ್ ಸಾಕ್ಷಿ. ಅವರು ತಾವು ಹೋದದ್ದು ತಪ್ಪೆಂದು ಗೋಳಾಡಲಿಲ್ಲ. ಹುಟ್ಟಿದ ಊರನ್ನು ನೋಡಬೇಕೆನ್ನುವುದಕ್ಕೆ ಕ್ಷಮೆ ಕೇಳುವುದಾದರೂ ಹೇಗೆ? ಅಜ್ಮಾನಿ ಸಾಹೇಬ್ ವೀಸಾ ಕೇಳಿದ್ದರೂ ಇದೇ ಆಗುತ್ತಿತ್ತೋ ಏನೋ.

ಆಮೇಲೆ ಅವರು ಮರಳಿ ಬಂದರು. 2001ರ 'ಲಗಾನ್'ನಲ್ಲಿ ಮಳೆಗಾಗಿ ಆಕಾಶ ನೋಡುವ ಹಳ್ಳಿಯ ಹಿರಿಯ ಶಂಭು ಕಾಕಾ. ಕಚ್ಛ್‌ನ ಭುಜ್ ಬಳಿ ಚಿತ್ರೀಕರಣ ನಡೆಯುವಾಗ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡರೂ ಪಾತ್ರ ಮುಗಿಸಿಕೊಟ್ಟರು. 2006ರಲ್ಲಿ ಸರಕಾರ ಪದ್ಮಭೂಷಣ ಕೊಟ್ಟಿತು. 2011ರ ಹೊತ್ತಿಗೆ ಔಷಧಿಯ ಖರ್ಚಿಗೂ ಕಷ್ಟವಾಗಿ, ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಚಿತ್ರರಂಗದವರು ನೆರವಿಗೆ ಬಂದರು. ಪೋಷಕ ನಟರ ಕೊನೆಗಾಲ ಬಹುಪಾಲು ಹೀಗೆಯೇ.

'ಗರ್ಮ್ ಹವಾ'ದ ಪ್ರತಿಯನ್ನು ಸರಿಪಡಿಸಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ಶೋಲೆ ಹತ್ತು ಸಲ ನೋಡಿದವರು ಇದನ್ನು ಒಮ್ಮೆಯಾದರೂ ನೋಡಬೇಕು. ಸಾಧ್ಯವಾದರೆ ಎರಡನ್ನೂ ಒಂದೇ ವಾರದಲ್ಲಿ ನೋಡಿ. ಒಂದರಲ್ಲಿ ಮಗನನ್ನು ಕಳೆದುಕೊಂಡ ಮುಸ್ಲಿಮ್ ತಂದೆ, ಇನ್ನೊಂದರಲ್ಲಿ ಮುಸ್ಲಿಮನ ಮನೆ ಪಡೆದ ಹಿಂದೂ ನಿರಾಶ್ರಿತ. ಎರಡರಲ್ಲೂ ಅದೇ ಮುಖ, ಅದೇ ದನಿ. ಇಮಾಮ್ ಸಾಹೇಬರ ಮುಂದೆ ನಾವು ಅಳುತ್ತೇವೆ. ಅಜ್ಮಾನಿಯ ಮುಂದೆ ಅಳು ಬರುವುದಿಲ್ಲ, ನಮ್ಮ ನೆರೆಮನೆಯವರು ನೆನಪಾಗುತ್ತಾರೆ.